ಊರಿನ ವಾಚನಾಲಯ, ಸಮುದಾಯ ಭವನ ಕೈತಪ್ಪೋ ಮೊದ್ಲು ಏನೇನ್ ಮಾಡ್ಬೇಕು: ನಮ್ಮ ಕಡಿಯವರಿಗಿ ಪೂರ್ತಿ ಮಾರ್ಗದರ್ಶಿ

ಕಲಬುರಗಿ, ಬೀದರ, ಯಾದಗಿರಿ ಯಾವ ಕಡಿ ಊರಿಗಿ ಹೋದ್ರೂ ಕೀಲಿ ಬಿದ್ದ ಒಂದು ಸಾರ್ವಜನಿಕ ಬಿಲ್ಡಿಂಗ್ ಸಿಕ್ಕೇ ಸಿಗ್ತದ. ಎಲ್ಲೋ ಹಳೇ ವಾಚನಾಲಯ, ಎಲ್ಲೋ ಯುವಕ ಸಂಘದ ಕೋಣಿ, ಎಲ್ಲೋ ತಾಲೀಮ ಮನಿ, ಎಲ್ಲೋ ಎಮ್ಮೆಲ್ಲೆ ಅನುದಾನದಾಗ ಕಟ್ಟಿ ಉದ್ಘಾಟನೆ ಆದ ಮರುದಿನದಿಂದ್ಲೇ ಮುಚ್ಚಿದ ಸಮುದಾಯ ಭವನ. ಒಳಗ ನೋಡಿದ್ರ ಪಂಚಾಯತಿ ಪೈಪು, ಹರಿದ ಸಿಮೆಂಟ್ ಚೀಲ, ಯಾರೋ ಒಟ್ಟಿದ ತೊಗರಿ ಕಟಗಿ. ಹಿಂಗೇ ನಾಲ್ಕೈದು ವರ್ಷ ಬಿದ್ದಿರ್ತದ, ಆಮ್ಯಾಲ ಒಂದಿನ ಸುದ್ದಿ ಬರ್ತದ, ಅದನ್ನ ಕೆಡವ್ತಾರಂತ, ಮಳಿಗೆ ಕಟ್ಟಿ ಬಾಡಿಗಿ ಕೊಡ್ತಾರಂತ, ಇಲ್ಲಾಂದ್ರ ಯಾರೋ ಬಾಜೂಕಿನ ಮನಿಯವರು ಗ್ವಾಡಿ ಸರಸ್ಕೊಂತ ಸರಸ್ಕೊಂತ ಅರ್ಧ ಜಾಗ ಒಳಗ ಹಾಕ್ಕೊಂಡಾರಂತ. ಆವಾಗ ಎಲ್ಲರಿಗೂ ಅದು ನೆನಪಾಗ್ತದ.

ಒಂದ್ ಮಾತು ಮೊದ್ಲೇ ಹೇಳಿಬಿಡ್ತೀನಿ. ಬಿಲ್ಡಿಂಗ್ ನಮ್ಮ ಸಂಘದ ಹೆಸರಿಗಿ ಮಾಡ್ರಿ ಅಂತ ಕೇಳ್ಬ್ಯಾಡ್ರಿ, ನಡೆಸ್ಲಾಕ ಕೊಡ್ರಿ ಅಂತ ಕೇಳ್ರಿ. ಮಾಲ್ಕಿ ಕೇಳಿದ ಕೂಡ್ಲೇ ಫೈಲು ಮ್ಯಾಲ ಮ್ಯಾಲ ಏರ್ಕೊಂತ ಹೋಗ್ತದ, ಊರಾಗ ಎರಡು ಪಾರ್ಟಿ ಆಗ್ತಾವ, ಇವ್ರು ಜಾಗ ಹೊಡಿಲಾಕ ಬಂದಾರ ಅಂತ ಮಾತು ಹುಟ್ತದ. ನಿರ್ವಹಣಾ ಅಷ್ಟೇ ಕೇಳಿದ್ರ ಪಿಡಿಓ ಸಾಹೇಬ್ರಿಗೂ ತಲಿನೋವು ಕಮ್ಮಿ. ಇನ್ನೊಂದು ಲಾಭ ಏನಂದ್ರ ಮಾಲ್ಕಿ ಸರ್ಕಾರದ್ದೇ ಉಳದ್ರ ಛತ್ತು, ಗ್ವಾಡಿ ಅಂಥಾ ದೊಡ್ಡ ರಿಪೇರಿ ಅವರ ಹೊಣಿ, ಅದನ್ನ ನಾವ್ಯಾಕ ತಲಿ ಮ್ಯಾಲ ಹೊತ್ಕೋಬೇಕು.

ಇಂಗ್ಲೆಂಡದಾಗ 2011ರ ಲೋಕಲಿಸಂ ಕಾಯ್ದೆ ಅಂತ ಅದ, ಊರಿನವರು ಮೊದ್ಲೇ ಪಟ್ಟಿದಾಗ ಸೇರಿಸಿದ ಹಾಲ್, ಅಂಗಡಿ, ಪಬ್ಬು ಮಾರಾಟಕ್ಕ ಬಂದ್ರ ಆರು ತಿಂಗಳ ತನಕ ಮಾರಾಟ ತಡದು ಊರವರಿಗಿ ರೊಕ್ಕ ಕೂಡಸ್ಲಾಕ ಟೈಮ್ ಕೊಡ್ತದ. ನಮ್ಮ ಹತಾರ ಬ್ಯಾರೆ: ಗ್ರಾಮ ಸಭಾ, ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ), ಸಂಘದ ನೋಂದಣಿ. ಇವು ಮೂರನ್ನ ಸರಿ ಕ್ರಮದಾಗ ಹಿಡಿದ್ರ ಸಾಕಷ್ಟು ಕೆಲ್ಸ ಆಗ್ತದ.

ಹೆಜ್ಜೆ 1: ಕೆಡವೋ ಸುದ್ದಿ ಬಂದ್ರ ಅವತ್ತೇ ಒಂದು ಅರ್ಜಿ

ಮೀಟಿಂಗ್, ಕಮಿಟಿ ಎಲ್ಲಾ ಆಮ್ಯಾಲ. ಮೊದ್ಲು ಒಂದೇ ಪುಟದ ತಕರಾರು ಅರ್ಜಿ ಬರೀರಿ, ಈ ಬಿಲ್ಡಿಂಗ್ ಇಂಥಾ ವಾರ್ಡಿನಾಗ ಅದ, ಇಂಥಾ ಕೆಲ್ಸಕ್ಕ ಕಟ್ಟಿದ್ದು, ಗ್ರಾಮ ಸಭಾದಾಗ ಚರ್ಚಾ ಆಗೋ ತನಕ ಕೆಡವೋದು, ಬಾಡಿಗಿ ಕೊಡೋದು ಏನೂ ಮಾಡ್ಬ್ಯಾಡ್ರಿ ಅಂತ. ಇಪ್ಪತ್ತು-ಮೂವತ್ತು ಮಂದಿ ಸಹಿ, ಹೆಬ್ಬೆಟ್ಟು. ಪಂಚಾಯತಿಗಿ ಒಂದು ಪ್ರತಿ, ತಾಲೂಕಾ ಪಂಚಾಯತಿ ಇಓಗೆ ಒಂದು, ಜಿಲ್ಲಾ ಪಂಚಾಯತಿ ಸಿಇಓಗೆ ಒಂದು. ಕೈಯಾಗ ಕೊಟ್ಟು ಬರೋದಲ್ಲ, ನಿಮ್ಮ ಪ್ರತಿ ಮ್ಯಾಲ ಸಿಕ್ಕಾ, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸ್ಕೊಂಡೇ ಬರ್ರಿ. ಸಿಕ್ಕಾ ಹಾಕೂದಿಲ್ಲ ಅಂದ್ರ ಜಗಳ ಬ್ಯಾಡ, ಸೀದಾ ಅಂಚೆ ಕಚೇರಿಗಿ ಹೋಗಿ ಸ್ಪೀಡ್ ಪೋಸ್ಟ್ ಮಾಡ್ರಿ, ರಸೀದಿ ಇಟ್ಕೋರಿ. ಅವತ್ತೇ ಬಿಲ್ಡಿಂಗಿನ ನಾಲ್ಕೂ ಕಡಿ ಫೋಟೋ ತಕ್ಕೊಂಡು ಇಡ್ರಿ, ಮುಂದ ಯಾರಾರ ಕಿಡಕಿ ಕಿತ್ಕೊಂಡು ಹೋದ್ರ ಬೇಕಾಗ್ತಾವ.

ಹೆಜ್ಜೆ 2: ಜಾಗ ಯಾರ ಹೆಸರಿಗದ? ಇದೇ ಎಲ್ಲಾಕಿಂತ ದೊಡ್ಡ ಕೆಲ್ಸ

ಭಾಳ ಮಂದಿ ಇದನ್ನ ಬಿಟ್ಟು ನೇರ ಧರಣಿಗಿ ಕೂಡ್ತಾರ. ಜಾಗದ ಕಾಗದ ನೋಡ್ದೆ ಹೋರಾಟಕ್ಕ ಇಳಿಯೋದು ಅಂದ್ರ ಬಿತ್ತೋ ಮೊದ್ಲೇ ರಾಶಿ ಲೆಕ್ಕ ಹಾಕ್ದಂಗ. ಎದುರಿನವರು ಒಂದು ಉತಾರ ತಂದು ತೋರಿಸಿದ್ರ ನಿಮ್ಮ ಇಡೀ ಪೆಂಡಾಲ್ ಖಾಲಿ.

ಬಿಲ್ಡಿಂಗ್ ಗಾಂವಠಾಣದ (ಊರಿನ ಮನಿಗಳಿರೋ ಜಾಗದ) ಒಳಗ ಇದ್ರ ಅದಕ್ಕ ಪಹಣಿ ಬರೂದಿಲ್ಲ, ಪಂಚಾಯತಿ ಆಸ್ತಿ ರಿಜಿಸ್ಟರಿನಾಗ, ಪಂಚಾಯತಿ ಆಸ್ತಿಗಳ ಆನ್‌ಲೈನ್ ದಾಖಲಾ ಇ-ಸ್ವತ್ತಿನಾಗ ನೋಡ್ಬೇಕು, ಪಂಚಾಯತಿ ಆಸ್ತಿ ಅಂತ ನಮೂದಾಗ್ಯದೋ ಇಲ್ಲೋ ಕೇಳ್ರಿ. ಊರ ಹೊರಗ ಇದ್ರ ದಿಶಾಂಕ್ ಆ್ಯಪ್ ಹಾಕ್ಕೊಂಡು ಆ ಜಾಗದಾಗ ನಿಂತ್ರ ಸರ್ವೇ ನಂಬರ್ ತೋರಿಸ್ತದ, ಆ ನಂಬರಿನ ಪಹಣಿ ತಗೀರಿ. ಪಹಣಿದಾಗ 9ನೇ ಕಾಲಂ ಮಾಲಕರದ್ದು, 11ನೇ ಕಾಲಂದಾಗ ಬ್ಯಾರೆಯವರ ಹಕ್ಕು, ಋಣ ಇರ್ತಾವ. ಎರಡೂ ಓದ್ರಿ. ಬಿ ಖರಾಬು ಅಂತ ಇದ್ರ ಅದು ಸಾರ್ವಜನಿಕ ಉಪಯೋಗಕ್ಕ ಬಿಟ್ಟ ಜಾಗ, ನಿಮ್ಮ ಕೇಸು ಗಟ್ಟಿ ಆಗ್ತದ.

ನಮ್ಮ ಕಡಿ ಒಂದು ವಿಶೇಷ ತೊಡಕು ಅದ. 1948ರ ತನಕ ನಾವು ನಿಜಾಮರ ರಾಜ್ಯದಾಗ ಇದ್ದವರು, ಅದಕ್ಕ ಹಳೇ ಕಾಗದ ಉರ್ದುದಾಗ ಇರ್ತಾವ. ಸೇತ್ವಾರ, 1954-55ರ ಖಾಸ್ರಾ ಪಹಣಿ ಅಂತ ಕಚೇರಿದಾಗ ಹೆಸರು ಕೇಳ್ತೀರಿ, ಜಾಗ ಮೂಲಕ್ಕ ಸರ್ಕಾರದ್ದೋ, ಇನಾಮಿಂದೋ, ಪಟ್ಟಾದ್ದೋ ಅಂತ ಅಲ್ಲಿಂದ್ಲೇ ತಿಳೀತದ. ಊರಾಗ ಉರ್ದು ಓದಿದ ಹಿರಿಯರು ಇದ್ರ ಅವರನ್ನ ಜೋಡಿ ಕರ್ಕೊಂಡು ಹೋಗ್ರಿ, ಕಾಕಾ ಒಂದೀಟು ಬರ್ರಿ ಅಂದ್ರ ಖುಷಿಯಿಂದ ಬರ್ತಾರ, ಎಂಬತ್ತು ವರ್ಷದ ಹಿಂದಿನ ಬಾವಿ, ಬೇವಿನಗಿಡ ಯಾವ ಚೆಕ್‌ಬಂದಿದಾಗ ಇದ್ದವು ಅಂತ ಓದಿ ಹೇಳೋದು ಅವರೇ. ಕಮಲಾಪುರ, ಕಾಳಗಿ, ಯಡ್ರಾಮಿ, ಶಹಾಬಾದ ಇವೆಲ್ಲಾ ಈಚೆಗೆ ತಾಲೂಕಾ ಆದವು, ಅಲ್ಲಿ ಫೈಲು ಇಲ್ಲ ಅಂದ್ರ ಮುಗೀತು ಅಂತ ವಾಪಸ್ ಬರಬ್ಯಾಡ್ರಿ, ಕಾಳಗಿದು ಶಹಾಬಾದದು ಚಿತ್ತಾಪುರದಾಗ, ಯಡ್ರಾಮಿದು ಜೇವರ್ಗಿದಾಗ, ಕಮಲಾಪುರದು ಕಲಬುರಗಿ ತಹಸೀಲದಾಗ ಕೇಳಿ ನೋಡ್ರಿ. ಯಾದಗಿರಿ ಜಿಲ್ಲಾದವರೂ ಹಂಗೇ, ಜಿಲ್ಲಾ ಆಗೋ ಮೊದ್ಲಿನ ಕಾಗದಕ್ಕ ಕಲಬುರಗಿಗಿ ಬರಬೇಕಾಗ್ತದ.

ಇನ್ನೊಂದು ಗಂಟು ಬಿಲ್ಡಿಂಗಿಂದು. ಜಾಗ ಪಂಚಾಯತಿದು, ಕಟ್ಟಿದವರು ನಿರ್ಮಿತಿ ಕೇಂದ್ರ ಅಥವಾ ಕೆಆರ್‌ಐಡಿಎಲ್ (ಮಂದಿ ಇನ್ನಾ ಲ್ಯಾಂಡ್ ಆರ್ಮಿ ಅಂತಾರ), ರೊಕ್ಕ ಕೊಟ್ಟಿದ್ದು ಸಮಾಜ ಕಲ್ಯಾಣ ಇಲಾಖೆ ಇಲ್ಲಾ ಕಲ್ಯಾಣ ಕರ್ನಾಟಕ ಮಂಡಳಿ. ಕಟ್ಟಿ ಮುಗಿಸಿದ ಮ್ಯಾಲ ಹಸ್ತಾಂತರ ಅಂತ ಒಂದು ಕಾಗದ ಆಗಬೇಕು. ಅದು ಆಗಿರದ ಬಿಲ್ಡಿಂಗ್ ಎಷ್ಟೋ ಅವ. ಆವಾಗ ಪಂಚಾಯತಿಯವರು ಅದು ನಮ್ದಲ್ಲ ಅಂತಾರ, ಇಲಾಖೆಯವರು ನಾವು ಕೊಟ್ಟೀವಿ ಅಂತಾರ, ನಡುವ ಕೀಲಿಕೈ ಗುತ್ತಿಗೆದಾರನ ಮನಿಯಾಗ. ಇಂಥಾ ಕಡಿ ಕೆಡವೋದರ ವಿರುದ್ಧ ಒದರ್ಯಾಡೋದಕ್ಕಿಂತ ಹಸ್ತಾಂತರ ಮಾಡ್ರಿ ಅಂತ ಬೆನ್ನು ಹತ್ತೋದೇ ಸರಿ ದಾರಿ.

ಗುಡಿ ಜಾಗ ಇದ್ದು ಮುಜರಾಯಿಗಿ ಸೇರಿದ್ರ, ಇಲ್ಲಾ ವಕ್ಫಿಗಿ ಸೇರಿದ್ರ ನಿಯಮ ಪೂರ್ತಿ ಬ್ಯಾರೆ, ಅದಕ್ಕ ಒಬ್ಬ ವಕೀಲರ ಕಡಿ ಹೋಗ್ರಿ. ಒತ್ತುವರಿ ಆಗಿದ್ರ ತಹಸೀಲ್ದಾರರಿಗಿ ಬರದು ಸರ್ವೇ ಮಾಡಿಸಿ ಹದ್ದುಬಸ್ತು ಹಾಕಿಸ್ರಿ. ಊರಿನ ಸಾಮೂಹಿಕ ಜಾಗ ಕಬಳಿಸಿದವರನ್ನ ತೆಗೀಬೇಕು ಅಂತ ಸುಪ್ರೀಂ ಕೋರ್ಟು 2011ರ ಜಗಪಾಲ್ ಸಿಂಗ್ ಪ್ರಕರಣದಾಗ ಎಲ್ಲಾ ರಾಜ್ಯಕ್ಕೂ ಹೇಳ್ಯದ, ಅರ್ಜಿದಾಗ ಆ ತೀರ್ಪಿನ ಹೆಸರು ಹಾಕಿದ್ರ ಓದೋರು ಸ್ವಲ್ಪ ನೆಟ್ಟಗ ಕೂತು ಓದ್ತಾರ.

ಹೆಜ್ಜೆ 3: ಆರ್‌ಟಿಐ

2005ರ ಕಾಯ್ದೆ, 10 ರೂಪಾಯಿ ಶುಲ್ಕ, ಬಿಪಿಎಲ್ ಇದ್ದವರಿಗಿ ಅದೂ ಇಲ್ಲ, 30 ದಿನದಾಗ ಉತ್ತರ. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗಿ ಒಂದೇ ವಿಷಯ, ಸುಮಾರು 150 ಶಬ್ದದೊಳಗ ಇರಬೇಕು, ಉದ್ದುದ್ದ ಕಥಿ ಬರದ್ರ ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರ. ಅದಕ್ಕ ‘ಯಾಕ ಮುಚ್ಚೀರಿ’ ಅಂತ ಕೇಳ್ಬ್ಯಾಡ್ರಿ, ಕಾಗದ ಕೇಳ್ರಿ: ಆಸ್ತಿ ರಿಜಿಸ್ಟರಿನ ಪುಟದ ಪ್ರತಿ, ಹಸ್ತಾಂತರ ಪತ್ರ, ಕೆಡವೋ ಠರಾವಿನ ಪ್ರತಿ, ಕಟ್ಟಡ ಶಿಥಿಲ ಅಂತ ಎಂಜಿನಿಯರ್ ಕೊಟ್ಟ ವರದಿ. ಕಡೀದು ಭಾಳ ಮುಖ್ಯ. ಶಿಥಿಲ ಆಗ್ಯದ ಅಂತ ಬಾಯಿಲೆ ಎಲ್ಲರೂ ಹೇಳ್ತಾರ, ವರದಿ ಕೇಳಿದ್ರ ಎಷ್ಟೋ ಸಲ ವರದಿನೇ ಇರೂದಿಲ್ಲ. 30 ದಿನ ಆದ್ರೂ ಉತ್ತರ ಇಲ್ಲಾಂದ್ರ ಮುಂದಿನ 30 ದಿನದೊಳಗ ಮೊದಲ ಮೇಲ್ಮನವಿ ಹಾಕ್ರಿ, ಅದಕ್ಕ ಅಲಸ್ತನ ಮಾಡಿದ್ರ ಎಲ್ಲಾ ಹೊಸದಾಗಿ ಶುರು ಮಾಡ್ಬೇಕಾಗ್ತದ.

ಹೆಜ್ಜೆ 4: ಯಾರಿಗಿ ಬೇಕಾಗ್ಯದ ಅಂತ ಮನಿ ಮನಿಗಿ ಹೋಗಿ ಕೇಳ್ರಿ

ಕಟ್ಟಿ ಮ್ಯಾಲ ಕೂತ ಹತ್ತು ಮಂದಿ ಗಂಡಸರು ‘ಊರಿಗಿ ಬೇಕು’ ಅಂದ್ರ ಅದು ಊರಲ್ಲ. ಹೆಣ್ಮಕ್ಕಳ ಸ್ವಸಹಾಯ ಸಂಘದ ಮೀಟಿಂಗಿಗಿ ಜಾಗ ಇಲ್ದೆ ಯಾರದೋ ಪಡಸಾಲಿದಾಗ ಕೂಡ್ತಿರ್ತಾರ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆ, ಎಫ್‌ಡಿಎ ಎಸ್‌ಡಿಎ ಅಂತ ಓದೋ ಹುಡುಗ್ರಿಗಿ ಮನಿಯಾಗ ಫ್ಯಾನಿಲ್ಲ ಜಾಗಿಲ್ಲ, ಬ್ಯಾಸಿಗಿದಾಗ ನಲವತ್ತೆರಡು ಡಿಗ್ರಿ ಬಿಸಲಾಗ ವಯಸ್ಸಾದವರಿಗಿ ಕೂಡ್ಲಾಕ ಒಂದು ತಂಪು ಜಾಗ ಬೇಕು. ಇವೆಲ್ಲಾ ಒಂದು ನೋಟ್‌ಬುಕ್ಕಿನಾಗ ಬರಕೋರಿ, ಯಾರು ಯಾವ ಟೈಮಿಗಿ ಬಳಸ್ತಾರ ಅಂತ. ಎಲ್ಲಾ ಓಣಿಗೂ ಹೋಗ್ರಿ, ದಲಿತ ಓಣಿ, ತಾಂಡಾ ಬಿಟ್ಟು ಮಾಡಿದ ಸರ್ವೆಗಿ ಬೆಲಿ ಇಲ್ಲ, ನಿಮ್ಮ ಕಮಿಟಿಗೂ ಬೆಲಿ ಇಲ್ಲ.

ಟೈಮ್ ನೋಡಿ ಮಾಡ್ರಿ. ತೊಗರಿ ರಾಶಿ ಟೈಮಿನಾಗ ಮೀಟಿಂಗ್ ಕರದ್ರ ಯಾರೂ ಬರೂದಿಲ್ಲ. ನಮ್ಮ ಊರಿನ ಅರ್ಧ ಮಂದಿ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ ಅಂತ ದುಡಿಲಾಕ ಹೋಗಿರ್ತಾರ, ಅವರು ಜಾತ್ರಿಗಿ, ಯುಗಾದಿಗಿ, ಮೊಹರಮ್ಮಿಗಿ ಊರಿಗಿ ಬರ್ತಾರ, ದೊಡ್ಡ ಮೀಟಿಂಗ್ ಆವಾಗ ಇಡ್ರಿ. ಮುಂದ ವರ್ಗಣಿ ಕೊಡೋದೂ ಹೆಚ್ಚಾಗಿ ಅವರೇ.

ಹೆಜ್ಜೆ 5: ಗ್ರಾಮ ಸಭಾದಾಗ ಠರಾವು

1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆ ಆದ್ರೂ ಗ್ರಾಮ ಸಭಾ ಆಗಬೇಕು, ಅದಕ್ಕ ಮೊದ್ಲು ವಾರ್ಡ್ ಸಭಾ. ಕಾಗದದ ಮ್ಯಾಲ ಅಷ್ಟೇ ಸಭಾ ಆಗೋದು ನಮಗೇನ್ ಹೊಸದಲ್ಲ, ಅದಕ್ಕ ತಾರೀಖು ಮೊದ್ಲೇ ಕೇಳಿ ಇಟ್ಕೋರಿ, ವಿಷಯ ಪಟ್ಟಿದಾಗ ನಿಮ್ಮ ವಿಷಯ ಸೇರಸ್ರಿ ಅಂತ ಬರದು ಕೊಡ್ರಿ. ಸಭಾದಾಗ ನೂರು ಮಂದಿ ಗದ್ದಲ ಮಾಡೋದಕ್ಕಿಂತ ಇಬ್ಬರು ಹೆಣ್ಮಕ್ಕಳು, ಒಬ್ಬ ಓದೋ ಹುಡುಗ, ಒಬ್ಬ ಹಿರಿಯರು ಎದ್ದು ಐದೈದು ನಿಮಿಷ ಮಾತಾಡಿದ್ರ ಸಾಕು. ನವೆಂಬರ್ ಆಸುಪಾಸು ಮಕ್ಕಳ ಗ್ರಾಮ ಸಭಾನೂ ನಡೀತದ, ವಾಚನಾಲಯದ ವಿಷಯ ಇದ್ರ ಮಕ್ಕಳ ಕಡಿಂದ ಕೇಳಿಸ್ರಿ, ಅದೂ ದಾಖಲಾಗ್ತದ.

ವಾಚನಾಲಯ ಅಂದ್ರ ಒಂದು ವಿಷಯ ನೆನಪಿಡ್ರಿ. 2019ರಾಗ ಹಳ್ಳಿ ಗ್ರಂಥಾಲಯ ಎಲ್ಲಾ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗಿ ಬಂದವು, ಈಗ ಅರಿವು ಕೇಂದ್ರ ಅಂತ ಬೋರ್ಡ್ ಇರ್ತದ. ಅಂದ್ರ ಮುಚ್ಚಿದ್ರ ಕೇಳ್ಬೇಕಾದ್ದು ಪಂಚಾಯತಿಗೇ. ‘ರೊಕ್ಕ ಎಲ್ಲದರಿ’ ಅಂತ ಪಿಡಿಓ ಅಂದ್ರ ನಿಮ್ಮ ಮನಿ ತೆರಿಗಿ ರಸೀದಿ ತಗದು ತೋರಸ್ರಿ: ತೆರಿಗಿ ಮ್ಯಾಲ ಆರೋಗ್ಯ ಕರ ನೂರಕ್ಕ 15, ಶಿಕ್ಷಣ ಕರ 10, ಗ್ರಂಥಾಲಯ ಕರ 6, ಭಿಕ್ಷುಕರ ಕರ 3 ಅಂತ ವಸೂಲಿ ಮಾಡ್ತಾರ. ಆ 6 ನಾವು ಕಟ್ಟಲಾಕತ್ತೀವಿ, ಕೀಲಿ ಹಾಕಿದ ವಾಚನಾಲಯಕ್ಕ ಯಾಕ ಕಟ್ಟಬೇಕು ಅಂತ ಸಭಾದಾಗ ಕೇಳ್ರಿ. ಹಾಂ, ತೆರಿಗಿ ಬಾಕಿ ಇಟ್ಕೊಂಡು ಕೇಳಲಾಕ ಹೋಗ್ಬ್ಯಾಡ್ರಿ, ಮಂದಿ ಮುಂದ ನಿಮ್ಮ ಬಾಕಿನೇ ಓದಿ ಹೇಳ್ತಾರ.

ಠರಾವು ಆದ ಮ್ಯಾಲ ಪ್ರತಿ ಕೈಯಾಗ ಬರೋ ತನಕ ಬಿಡಬ್ಯಾಡ್ರಿ. ಸಭಾದಾಗ ಒಂದು ಮಾತಾಡಿ ಬುಕ್ಕಿನಾಗ ಇನ್ನೊಂದು ಬರಿಯೋದು ಆಗ್ತಿರ್ತದ. ಪಂಚಾಯತಿ ಅವಧಿ ಮುಗದು ಆಡಳಿತಾಧಿಕಾರಿ ಇದ್ರ ಅವರ ಮುಂದೇ ಈ ಎಲ್ಲಾ ಕಾಗದ ಇಡಬೇಕು.

ಹೆಜ್ಜೆ 6: ಸಂಘ ನೋಂದಣಿ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960. ಕಮ್ಮಿ ಅಂದ್ರ ಏಳು ಮಂದಿ ಬೇಕು, ಎಲ್ಲರೂ 18 ದಾಟಿರಬೇಕು. ಸಹಕಾರ ಇಲಾಖೆದಾಗ ಜಿಲ್ಲಾ ನೋಂದಣಾಧಿಕಾರಿ ಕಡಿ ಆಗ್ತದ. ಸಂಘದ ಉದ್ದೇಶ ಪತ್ರ, ಬೈಲಾ, ಆಧಾರ್, ಕಚೇರಿ ವಿಳಾಸದ ಒಪ್ಪಿಗಿ ಪತ್ರ ಬೇಕಾಗ್ತಾವ. ಬೈಲಾ ಮಾತ್ರ ಜೆರಾಕ್ಸ್ ಅಂಗಡಿದಾಗ ಸಿಗೋ ರೆಡಿಮೇಡ್ ಹಚ್ಚಿ ಕೈ ತೊಳ್ಕೋಬ್ಯಾಡ್ರಿ, ಮುಂದಿನ ಜಗಳ ಎಲ್ಲಾ ಅಲ್ಲಿಂದ್ಲೇ ಹುಟ್ತಾವ. ಒಂದು ಮನಿತನದಿಂದ ಒಬ್ಬರೇ ಪದಾಧಿಕಾರಿ, ಕಮಿಟಿದಾಗ ಅರ್ಧ ಹೆಣ್ಮಕ್ಕಳು, ಎಲ್ಲಾ ಓಣಿಯವರು, ಅಧ್ಯಕ್ಷರು ಎರಡು ಅವಧಿಕಿಂತ ಹೆಚ್ಚಿಗಿ ಇಲ್ಲ, ಯಾವ ಪಾರ್ಟಿ ಬಾವುಟ, ಲೀಡರ್ ಫೋಟೋ ಒಳಗ ಇಲ್ಲ, ಜಾತಿ ಧರ್ಮ ನೋಡ್ದೆ ಎಲ್ಲರಿಗೂ ಒಂದೇ ಬಾಡಿಗಿ, ಇವನ್ನ ಬರದೇ ಇಡ್ರಿ. ಪಂಚಾಯತಿ ಮೆಂಬರನ್ನ ಪದಾಧಿಕಾರಿ ಮಾಡ್ಬ್ಯಾಡ್ರಿ ಅಂತ ನನ್ನ ಅಭಿಪ್ರಾಯ, ಕೊಡೋನೂ ಅವನೇ ತಗೊಳ್ಳೋನೂ ಅವನೇ ಆದ್ರ ಮುಂದಿನ ಚುನಾವಣಾದಾಗ ಸೋತ ಮರುದಿನ ನಿಮ್ಮ ಕರಾರಿಗಿ ಕುತ್ತು.

ಹೆಜ್ಜೆ 7: ಕರಾರು

11 ತಿಂಗಳ ಬಾಂಡ್ ಮಾಡಿ ಕೊಡ್ತೀವಿ ಅಂತಾರ, ಯಾಕಂದ್ರ ಒಂದು ವರ್ಷಕ್ಕ ಮೀರಿದ ಲೀಸ್ ಇದ್ರ ಸಬ್ ರಿಜಿಸ್ಟ್ರಾರ್ ಕಡಿ ನೋಂದಣಿ ಆಗಲೇಬೇಕು, ಅದು ಅವರಿಗಿ ಬ್ಯಾಡ. ಆದ್ರ 11 ತಿಂಗಳ ಕರಾರಿನ ಮ್ಯಾಲ ಯಾವ ದಾನಿನೂ ಛತ್ತಿಗಿ ರೊಕ್ಕ ಹಾಕೂದಿಲ್ಲ. ಶುರುವಿಗಿ ಒಂದು ವರ್ಷ ನಡೆಸಿ ತೋರಿಸ್ತೀವಿ, ಆಮ್ಯಾಲ ಐದು ವರ್ಷಕ್ಕ ನೋಂದಾಯಿತ ಕರಾರು ಅಂತ ಠರಾವಿನಾಗೇ ಎರಡೂ ಬರಸ್ರಿ. ಹಂಗೇ ಛತ್ತು, ಗ್ವಾಡಿ, ಪಾಯ ಪಂಚಾಯತಿ ಹೊಣಿ, ಬಲ್ಬು, ಬಣ್ಣ, ಕಸ ಗುಡಿಸೋದು, ನಲ್ಲಿ ನಮ್ಮ ಹೊಣಿ ಅಂತ ಬಿಡಿಸಿ ಬರೀರಿ. ಜೆಸ್ಕಾಂ ಕರೆಂಟ್ ಬಿಲ್ ಮರೀಬ್ಯಾಡ್ರಿ, ಬಿಲ್ಲಿನಾಗಿರೋ ಆರ್‌.ಆರ್. ನಂಬರ್ ಮ್ಯಾಲ ಹಳೇ ಬಾಕಿ ಎಷ್ಟದ ನೋಡಿ, ಇಂಥಾ ತಾರೀಖಿನ ತನಕದ್ದು ಪಂಚಾಯತಿದು ಅಂತ ಬರಸ್ದೆ ಸಹಿ ಮಾಡಿದ್ರ ಅದು ನಿಮ್ಮ ಕೊಳ್ಳಿಗಿ.

ಹೆಜ್ಜೆ 8: ರಿಪೇರಿ

ಒಳಗ ಕಾಲಿಡೋ ಮೊದ್ಲು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವರಿಂದ ತಪಾಸಣೆ ಮಾಡಿಸ್ರಿ. ಖರೇನೇ ಅಪಾಯ ಅದ ಅಂದ್ರ ಹಟ ಬ್ಯಾಡ, ಅದೇ ಜಾಗದಾಗ ಅದೇ ಉಪಯೋಗಕ್ಕ ಹೊಸದು ಕಟ್ರಿ ಅಂತ ಕೇಳ್ರಿ, ಜಾಗ ಉಳಿದ್ರ ಅರ್ಧ ಉಳದಂಗೇ.

ನಮ್ಮ ಕಡಿ ಹಳೇ ಬಿಲ್ಡಿಂಗ್ ಅಂದ್ರ ಗಚ್ಚಿನ ಗ್ವಾಡಿ, ಕಬ್ಬಿಣದ ಗರ್ಡರು, ಮ್ಯಾಲ ಶಹಾಬಾದ ಫರಸಿ ಹಾಸಿದ ಛತ್ತು. ಕಲ್ಲಿಗಿ ಏನೂ ಆಗಿರೂದಿಲ್ಲ, ಗರ್ಡರು ಜಂಗು ಹಿಡಿದು ಉಬ್ಬಿರ್ತದ, ಅದಕ್ಕ ಗರ್ಡರು ಗ್ವಾಡಿ ಒಳಗ ಹೊಕ್ಕ ಜಾಗದಾಗೇ ನೋಡ್ಬೇಕು. ಸುಣ್ಣದ ಗಚ್ಚಿನ ಗ್ವಾಡಿಗಿ ಗೌಂಡಿ ಸಿಮೆಂಟ್ ಪ್ಲಾಸ್ಟರ್ ಹೊಡಿತೀನಿ ಅಂದ್ರ ಬ್ಯಾಡ ಅನ್ರಿ, ಒಳಗಿನ ತೇವ ಹೊರಗ ಬರಲಾಕ ಆಗ್ದೆ ಎರಡು ಮಳಿಗಾಲದಾಗ ಹಪ್ಪಳಿಕಿ ಏಳ್ತದ, ಸುಣ್ಣದ್ದೇ ಮಾಡಿಸ್ರಿ. ಛತ್ತಿನ ಕೆಲ್ಸ ಏನಿದ್ರೂ ಮಿರಗ ಮಳಿ ಕೂಡೋ ಮೊದ್ಲು, ಅಂದ್ರ ಮೇ ತಿಂಗಳದೊಳಗ ಮುಗಸ್ರಿ. ಪಾಯಖಾನಿ, ಕುಡಿಯೋ ನೀರು, ಒಂದು ಇಳಿಜಾರು ದಾರಿ, ಬಣ್ಣಕ್ಕಿಂತ ಮೊದ್ಲು ಇವು. ಪಾಯಖಾನಿ ಇಲ್ಲಾಂದ್ರ ಹೆಣ್ಮಕ್ಕಳು ಬರೂದಿಲ್ಲ.

ಹೆಜ್ಜೆ 9: ರೊಕ್ಕ

2025-26ರ ತನಕ ಪಂಚಾಯತಿಗಿ ಬಂದ 15ನೇ ಹಣಕಾಸು ಆಯೋಗದ ರೊಕ್ಕದಾಗ ನೂರಕ್ಕ 60 ನೀರು-ನೈರ್ಮಲ್ಯಕ್ಕೇ ಮೀಸಲು ಇತ್ತು, ಉಳಿದ 40ಕ್ಕ ಎಲ್ಲಾ ವಾರ್ಡಿನವರೂ ಜಗ್ಗಾಡ್ತಿದ್ರು. ಅದಕ್ಕ ಪಾಯಖಾನಿ, ನೀರಿನ ಕೆಲ್ಸವನ್ನ ನೀರು-ನೈರ್ಮಲ್ಯದ ಪಾಲಿನಾಗ ಕೇಳ್ರಿ, ಜಾಣತನ ಅಂದ್ರ ಅದೇ. ಎಮ್ಮೆಲ್ಲೆ ಸಾಹೇಬ್ರಿಗಿ ವರ್ಷಕ್ಕ 2 ಕೋಟಿ ಕ್ಷೇತ್ರಾಭಿವೃದ್ಧಿ ನಿಧಿ ಇರ್ತದ, ಕೇಳೋದಾದ್ರ ಎಸ್ಟಿಮೇಟ್ ಕೈಯಾಗ ಹಿಡ್ಕೊಂಡೇ ಹೋಗ್ರಿ, ಬರೇ ಹಾರ ಹಿಡ್ಕೊಂಡು ಹೋದ್ರ ‘ನೋಡೋಣ ತಗೋರಿ’ ಅಂತ ಫೋಟೋ ತಗಿಸ್ಕೊಂಡು ಕಳಿಸ್ತಾರ. ವಾಡಿ, ಸೇಡಂ, ಮಳಖೇಡ ಕಡಿಯವರಿಗಿ ಸಿಮೆಂಟ್ ಫ್ಯಾಕ್ಟರಿ ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲ್ಸಕ್ಕ ಕೊಡೋ ರೊಕ್ಕ) ಒಂದು ದಾರಿ, ಆದ್ರ ಕಂಪನಿ ರೊಕ್ಕ ಸಂಘದ ಖಾತಿಗಿ ಬರಬೇಕಂದ್ರ ಆದಾಯ ತೆರಿಗಿ ವಿನಾಯಿತಿ ನೋಂದಣಿ (ಮಂದಿ 12ಎ, 80ಜಿ ಅಂತಾರ), ಸಿಎಸ್‌ಆರ್-1 ನೋಂದಣಿ ಬೇಕು, ಹೊಸ ಸಂಘಕ್ಕ ಅದು ದೂರ. ಖುರ್ಚಿ, ಕಪಾಟು, ಪುಸ್ತಕ ವಸ್ತು ರೂಪದಾಗ ಪಂಚಾಯತಿಗೇ ಕೊಡ್ರಿ ಅಂತ ಕೇಳೋದು ಹಗರ.

ದಿನದ ಖರ್ಚಿಗಿ ಮಾತ್ರ ಯಾರ ಮುಂದೂ ಕೈ ಚಾಚಬ್ಯಾಡ್ರಿ. ಲೆಕ್ಕಕ್ಕ ಅಂತ ಹೇಳ್ತೀನಿ, ನೂರು ಮನಿಯವರು ತಿಂಗಳಿಗಿ ಐವತ್ತು ರೂಪಾಯಿ ಅಂದ್ರ ಐದು ಸಾವಿರ, ಲೈಟ್ ಬಿಲ್, ಪೇಪರ್, ಕಸ ಗುಡಿಸೋರ ಪಗಾರಕ್ಕ ಆಧಾರ ಆಗ್ತದ, ಮ್ಯಾಲ ಕುಬಸ, ತೊಟ್ಲ, ನಿಶ್ಚಿತಾರ್ಥಕ್ಕ ಸಣ್ಣ ಬಾಡಿಗಿ. ವರ್ಗಣಿ ರೊಕ್ಕ ಯಾರದೂ ಸ್ವಂತ ಫೋನ್‌ಪೇ ನಂಬರಿಗಿ ಹೋಗಬಾರ್ದು, ಒಂದಿನಾನೂ. ಸಂಘದ ಪ್ಯಾನ್, ಸಂಘದ ಖಾತಿ, ಅದಕ್ಕೇ ಕ್ಯೂಆರ್, ಮೂವರಾಗ ಇಬ್ಬರ ಸಹಿ. ತಿಂಗಳ ಲೆಕ್ಕ ಬಾಗ್ಲಿಗಿ ಹಚ್ರಿ, ವಾಟ್ಸಾಪ್ ಗ್ರೂಪಿನಾಗೂ ಹಾಕ್ರಿ.

ಸಿಟಿದಾಗ ಇದ್ದವರಿಗಿ

ಕಲಬುರಗಿ, ಬೀದರ ಲೇಔಟಿನಾಗ ಪಾರ್ಕು, ಸಿ.ಎ. ಸೈಟಿನ (ಶಾಲಿಯಂಥಾ ನಾಗರಿಕ ಸೌಲಭ್ಯಕ್ಕ ಬಿಟ್ಟ ಸೈಟಿನ) ತಂಟೆ ಇದ್ದವರು ಮಂಜೂರಾದ ಲೇಔಟ್ ನಕ್ಷಾ ನಗರಾಭಿವೃದ್ಧಿ ಪ್ರಾಧಿಕಾರದಿಂದ ಆರ್‌ಟಿಐದಾಗ ತಗೀರಿ. ನಕ್ಷಾದಾಗ ಪಾರ್ಕ್ ಅಂತ ಇದ್ದಿದ್ದಕ್ಕ 1985ರ ಉದ್ಯಾನ, ಆಟದ ಮೈದಾನ, ಬಯಲು ಜಾಗ ಸಂರಕ್ಷಣಾ ಕಾಯ್ದೆನೂ ಅದ. ಸಿ.ಎ. ಸೈಟ್ ಯಾರಿಗಿ, ಯಾವ ಉದ್ದೇಶಕ್ಕ ಹಂಚಿಕಿ ಆಗ್ಯದ ಅಂತ ನೋಡ್ರಿ, ಶಾಲಿಗಿ ಅಂತ ತಗೊಂಡು ಕಲ್ಯಾಣ ಮಂಟಪ ಕಟ್ಟಿದ್ರ ಹಿಡಿಲಾಕ ಅದೇ ಎಳಿ. ಸಂಘ, ಕರಾರು, ಲೆಕ್ಕ ಎಲ್ಲಾ ಮ್ಯಾಲ ಹೇಳ್ದಂಗೇ.

ಹೆಜ್ಜೆ 10: ಕೀಲಿ ತಗದ ಮ್ಯಾಲ

ಮೊದಲ ಮೂರು ತಿಂಗಳ ದಿನಾ ತಗೀಲೇಬೇಕು, ಇಬ್ಬರೇ ಬಂದ್ರೂ ತಗೀರಿ. ಸಂಜಿಕೆ ಐದರಿಂದ ಎಂಟು ಅಂದ್ರ ಐದಕ್ಕೇ ತಗೀಬೇಕು, ಎರಡು ಸಲ ಬಾಗ್ಲ ಮುಚ್ಚಿದ್ದು ನೋಡಿದ ಹುಡುಗ ಮೂರನೇ ಸಲ ಬರೂದಿಲ್ಲ. ಕೀಲಿಕೈ ಇಬ್ಬರ ಕಡಿ ಇರಲಿ, ಒಂದು ಪಂಚಾಯತಿದಾಗ. ಹಾಜರಿ ಬುಕ್ ಇಡ್ರಿ, ಬಂದವರು ಹೆಸರು, ಟೈಮ್ ಬರೀಲಿ, ‘ಯಾರೂ ಬರೂದಿಲ್ಲರಿ ಅಲ್ಲಿ’ ಅಂತ ಮುಂದ ಯಾರಾರ ಅಂದ್ರ ಬಾಯಿಲೆ ಉತ್ತರ ಕೊಡೋ ಕೆಲ್ಸ ಇಲ್ಲ.

ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭಾ ಕರೀರಿ, ಅದಾದ 14 ದಿನದೊಳಗ ಪದಾಧಿಕಾರಿ ಪಟ್ಟಿ, ಆಡಿಟ್ ಆದ ಲೆಕ್ಕ ನೋಂದಣಾಧಿಕಾರಿಗಿ ಸಲ್ಲಿಸ್ಬೇಕು. ಎಷ್ಟೋ ಸಂಘ ಇಲ್ಲೇ ಬೀಳ್ತಾವ, ನಾಲ್ಕು ವರ್ಷ ಏನೂ ಕೊಡೂದಿಲ್ಲ, ಗ್ರಾಂಟ್ ಬಂತು ಅಂದ ಕೂಡ್ಲೇ ದಂಡ ಕಟ್ಟಿ ಓಡ್ಯಾಡ್ತಾರ. ಕರಾರು ಮುಗಿಯೋ ಆರು ತಿಂಗಳ ಮೊದ್ಲೇ ನವೀಕರಣದ ಅರ್ಜಿ ಕೊಡ್ರಿ, ಹಾಜರಿ ಬುಕ್ಕಿನ ಜೆರಾಕ್ಸ್, ಆಡಿಟ್ ಲೆಕ್ಕ ಜೋಡಿ ಹಚ್ರಿ. ಪಂಚಾಯತಿ ಚುನಾವಣಾ ಹತ್ರ ಇದ್ರ ನೀತಿ ಸಂಹಿತೆ ಬೀಳೋ ಮೊದ್ಲು ಠರಾವು ಮಾಡಿಸ್ಕೋರಿ, ಇಲ್ಲಾಂದ್ರ ಹೊಸ ಬಾಡಿ ಬರೋ ತನಕ ಫೈಲು ಅಲ್ಲೇ ಕೂಡ್ತದ.